ಹೆದರಿಸೋಕೆ ಹೊರಟ ಎರಡನೇ ಭಾಗ ನಗಿಸಿದ್ದು ಹೇಗೆ? ʻಈವಿಲ್ ಡೆಡ್ 2ʼ, ಪಾಕದ ರಕ್ತ, ಹಲಗೆ ಕ್ಯಾಮೆರಾ ಇತ್ಯಾದಿ

ರೀಲುಡಬ್ಬಿ:
1981ರ ಅಮೆರಿಕನ್ ಹಾರರ್ ಚಿತ್ರ ʻದಿ ಈವಿಲ್ ಡೆಡ್ʼ ನೋಡಿ ನಗೋದು ಕಷ್ಟ, 1987ರ ಎರಡನೇ ಭಾಗ ನೋಡಿ ನಗದೇ ಇರೋದು ಕಷ್ಟ. ನಿರ್ದೇಶಕ ಅದೇ ಸ್ಯಾಮ್ ರೈಮಿ, ನಾಯಕ ಅದೇ ಬ್ರೂಸ್ ಕ್ಯಾಂಪ್‌ಬೆಲ್. ಕಾಡಿನ ನಡುವಿನ ಮನೆ, ಟೇಪ್ ರೆಕಾರ್ಡರ್‌ನಲ್ಲಿ ಮಂತ್ರ, ನೆಲಮಾಳಿಗೆ ಎಲ್ಲಾ ಅವೇ. ಹಾಗಾದ್ರೆ ಬದಲಾಗಿದ್ದೇನು? ರಕ್ತ ಜಾಸ್ತಿ ಆದ್ರೆ ಹೆದರಿಕೆ ಜಾಸ್ತಿ ಆಗಬೇಕಿತ್ತಲ್ವಾ?

ಕುತೂಹಲಕ್ಕಷ್ಟೇ ಕೇಳ್ತಿಲ್ಲ. ಹದಿನೈದು ನಿಮಿಷದ ಹಾರರ್ ಕಾಮಿಡಿ ಕಿರುಚಿತ್ರಕ್ಕೆ ಇದೇ ದಾರಿ ಹಿಡಿಯೋ ಯೋಚನೆ. ಕೈಯಲ್ಲಿ ದುಡ್ಡು ಕಮ್ಮಿ. ʻಕಥೆ ಚೆನ್ನಾಗಿರಲಿʼ ಅನ್ನೋ ಸಲಹೆ ಬೇಡ, ದಯವಿಟ್ಟು ಕೆಲಸದ ಮಾತು ಹೇಳಿ.

ಗಾಂಧಿಕ್ಲಾಸ್:
ಕಥೆ ಚೆನ್ನಾಗಿರಲಿ.

ಕತ್ತರಿಪ್ರಯೋಗ:
ಮೊದಲು ಏಟು ತಿನ್ನೋರು ಯಾರು ಅಂತ ನೋಡಿ. ಮೊದಲ ಭಾಗದಲ್ಲಿ ಐದು ಜನ. ಒಬ್ಬೊಬ್ಬರೇ ದೆವ್ವವಾಗ್ತಾರೆ, ಉಳಿದವರು ತಮ್ಮ ಗೆಳೆಯರನ್ನೇ ಕಡಿಯಬೇಕು. ನಾವು ನೋಡೋದು ನೋವನ್ನ. ಕಾಡಿನಲ್ಲಿ ಒಬ್ಬ ಹುಡುಗಿಯ ಮೇಲೆ ಮರಗಳು ಎರಗುವ ದೃಶ್ಯವಂತೂ ಎಕ್ಸ್‌ಪ್ಲಾಯ್ಟೇಷನ್ ಸಿನಿಮಾದ (ಹಿಂಸೆ, ಕಾಮ ತೋರಿಸಿ ದುಡ್ಡು ಮಾಡೋ ಅಗ್ಗದ ಚಿತ್ರಗಳ) ಕೆಟ್ಟ ಚಾಳಿಯೇ. ಎರಡನೇ ಭಾಗದಲ್ಲಿ ಬಹಳ ಹೊತ್ತು ಮನೆಯೊಳಗೆ ನಾಯಕ ಆ್ಯಶ್ ಒಬ್ಬನೇ. ಹೊಡೆಯೋದು ಮನೆ, ಕುರ್ಚಿ, ಕನ್ನಡಿ, ಕೊನೆಗೆ ಅವನದೇ ಬಲಗೈ. ಇನ್ನೊಬ್ಬರಿಗೆ ಬಿದ್ದ ಏಟಿಗೆ ನಾವು ಅಯ್ಯೋ ಅಂತೀವಿ, ಒಬ್ಬನ ಕೈಯೇ ಅವನ ತಲೆಗೆ ತಟ್ಟೆ ಒಡೆದರೆ ನಗ್ತೀವಿ. ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧ ಪ್ರಮಾಣದ್ದು. ಬೆರಳು ಕೊಯ್ದು ಒಂದು ಹನಿ ರಕ್ತ ಬಂದ್ರೆ ನೋಡೋನ ಬೆರಳೂ ಚುರ್ ಅನ್ನತ್ತೆ. ಗೋಡೆಯ ತೂತಿನಿಂದ ಫೈರ್ ಎಂಜಿನ್ ಪೈಪ್ ಬಿಟ್ಟ ಹಾಗೆ ಸುರಿದ್ರೆ ಅದು ರಕ್ತ ಅಲ್ಲ, ಹೋಳಿ. ಆ ದೃಶ್ಯದಲ್ಲಿ ಮೊದಲು ಬರೀ ತೊಟ್ಟಿಕ್ಕತ್ತೆ, ಆ್ಯಶ್ ಹತ್ತಿರ ಹೋಗಿ ಬಗ್ಗಿ ನೋಡ್ತಾನೆ, ಆಮೇಲೆ ಪ್ರವಾಹ. ನಡುವಿನ ಆ ನಿಲುಗಡೆ ಕತ್ತರಿಸಿ ನೋಡಿ, ನಗು ಬರಲ್ಲ.

ಟೂರಿಂಗ್‌ಟಾಕೀಸ್:
ಎರಡನೇ ಭಾಗ ಅನ್ನೋದೇ ತಪ್ಪು. ಅದು ರೀಮೇಕ್. ಶುರುವಿನಲ್ಲಿ ಮೊದಲ ಚಿತ್ರವನ್ನೇ ಮತ್ತೆ ಮಾಡಿದಾರೆ, ಬೇಕಾದ್ರೆ ನೋಡಿ.

ಕತ್ತರಿಪ್ರಯೋಗ:
@ಟೂರಿಂಗ್‌ಟಾಕೀಸ್ ಈ ಮಾತು ಎಲ್ಲರೂ ಹೇಳ್ತಾರೆ. ಹಳೇ ಚಿತ್ರದ ತುಣುಕುಗಳನ್ನ ಹಾಕಿ ʻಹಿಂದೆ ಏನಾಯ್ತುʼ ಅಂತ ತೋರಿಸಬೇಕಿತ್ತು. ಮೊದಲ ಚಿತ್ರದ ಹಕ್ಕುಗಳು ಬೇರೆ ಬೇರೆ ವಿತರಕರ ಕೈಗೆ ಹಂಚಿಹೋಗಿದ್ದರಿಂದ ತಮ್ಮದೇ ಚಿತ್ರದ ರೀಲು ತಾವೇ ಬಳಸೋ ಹಾಗಿರಲಿಲ್ಲ. ಅದಕ್ಕೆ ಮತ್ತೆ ಚಿತ್ರೀಕರಿಸಿ ಐದು ಜನರ ಕಥೆಯನ್ನ ಎರಡೇ ಪಾತ್ರಕ್ಕೆ ಇಳಿಸಿದ್ರು, ಆ್ಯಶ್ ಮತ್ತು ಲಿಂಡಾ. ಲಿಂಡಾ ಪಾತ್ರಕ್ಕೂ ಬೇರೆ ನಟಿ: ಮೊದಲಲ್ಲಿ ಬೆಟ್ಸಿ ಬೇಕರ್, ಎರಡನೆಯದರಲ್ಲಿ ಡೆನಿಸ್ ಬಿಕ್ಸ್ಲರ್. ಆ್ಯಶ್ ಮೇಲೆ ಕಾಡಿನ ಅದೃಶ್ಯ ಶಕ್ತಿ ಬಂದು ಬಡಿಯುವ ಜಾಗದಿಂದ ಮುಂದಿನದ್ದೇ ನಿಜವಾದ ಎರಡನೇ ಭಾಗ.

ಟೂರಿಂಗ್‌ಟಾಕೀಸ್:
ಅಂದ್ರೆ ಅದೇ ಮನೆಗೆ ಅದೇ ಮನುಷ್ಯ ಮತ್ತೊಬ್ಬ ಲಿಂಡಾ ಕರ್ಕೊಂಡು ಹೋದ ಅಂದ್ಕೊಂಡು ನೋಡಿದ ಪ್ರೇಕ್ಷಕರಿಗೆ ಅವನಷ್ಟು ಪೆದ್ದ ಇನ್ನೊಬ್ಬನಿಲ್ಲ ಅನ್ನಿಸತ್ತೆ. ಹಕ್ಕಿನ ತಾಪತ್ರಯದಿಂದ ಆ ಪಾತ್ರಕ್ಕೆ ಕೋಡಂಗಿತನ ಪುಕ್ಕಟೆ ಸಿಕ್ತು ಅನ್ನಿ. ಆದ್ರೂ ರೀಮೇಕೇ.

ಧಾರವಾಡಪೇಡೆ:
ಸ್ವಲ್ಪ ಹಿಂದಿಂದು ಹೇಳ್ಲೇನ್ರಿ? ನಡುವ 1985ರಾಗ ರೈಮಿ ʻಕ್ರೈಮ್‌ವೇವ್ʼ ಅಂತ ಒಂದು ಕಾಮಿಡಿ ಮಾಡಿದ್ದಾ. ಬರದವರೊಳಗ ಕೋಯೆನ್ ಸಹೋದರರೂ ಇದ್ರು. ಪೂರಾ ಬಿತ್ತರೀ ಅದು. ಅದಕ್ಕ ಮತ್ತ ದೆವ್ವದ ಕಡೆ ತಿರುಗಬೇಕಾತು. ರೊಕ್ಕ ಸಿಗವಲ್ದು. ಅದೇ ಹೊತ್ತಿಗೆ ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್, ನಿರ್ಮಾಪಕ ಡಿನೊ ಡಿ ಲಾರೆಂಟಿಸ್ ಸಲುವಾಗಿ ಸಿನಿಮಾ ಮಾಡಾಕತ್ತಿದ್ದಾ. ಮೊದಲನೇ ಚಿತ್ರ ಮೆಚ್ಚಿ ಬರದಾಂವ ಅಂವನ. ಅಂವಾ ಡಿನೊಗ ಹೇಳಿ ರೊಕ್ಕ ಕೊಡಿಸಿದಾ. ರೈಮಿಗೆ ನಾಯಕನ್ನ ಮಧ್ಯಯುಗಕ್ಕ ಕಳಸೂ ಕಥಿ ಬೇಕಾಗಿತ್ತು. ಡಿನೊ ʻಮೊದಲಿನಂಗ ಮಾಡುʼ ಅಂದಾ. ಹಿಂಗಾಗಿ ಮನಿ ಹಳೇದು ಉಳೀತು, ಒಳಗ ಕಾಮಿಡಿ ಹೊಕ್ಕೊಂತು. ಮಧ್ಯಯುಗದ ಕಥಿ ಮೂರನೇದಕ್ಕ ಹೋತು.

ರೀಲುಡಬ್ಬಿ:
ಹಾಗಾದ್ರೆ ದೊಡ್ಡ ನಿರ್ಮಾಪಕ ಬಂದ ಮೇಲೆ ಅದನ್ನ ಕಡಿಮೆ ಬಜೆಟ್ ಅನ್ನಬಹುದಾ?

ಧಾರವಾಡಪೇಡೆ:
ಮೊದಲನೇದು ನಾಕು ಲಕ್ಷ ಡಾಲರಿಗೂ ಕಡಿಮಿ, 16 ಎಂಎಂ ಫಿಲ್ಮ್, ಆಮ್ಯಾಲೆ 35ಕ್ಕ ಹಿಗ್ಗಿಸಿದ್ದು. ಎರಡನೇದು ಸುಮಾರು 35 ಲಕ್ಷ ಡಾಲರ್, ಸೀದಾ 35 ಎಂಎಂ. ಹೋಲಿಸಿದ್ರ ಸಾವಕಾರ್ಕಿ ಅನಸ್ತೈತಿ, ಆದ್ರ ಹಾಲಿವುಡ್ ಲೆಕ್ಕದಾಗ ಚಿಲ್ಲರ್ ರೊಕ್ಕ. ಒಳಗಿನ ಸೆಟ್ ಹಾಕಿದ್ದು ಸ್ಟುಡಿಯೋದಾಗಲ್ಲರೀ, ಉತ್ತರ ಕೆರೊಲಿನಾದ ವೇಡ್ಸ್‌ಬರೋ ಊರಿನ ಒಂದು ಶಾಲಿಯೊಳಗ. ಡಿನೊನ ಸ್ಟುಡಿಯೋ ವಿಲ್ಮಿಂಗ್ಟನ್ನಾಗ ಇತ್ತು, ಮೂರು ತಾಸಿನ ದಾರಿ. ನಿರ್ಮಾಪಕನ ಕಣ್ಣು ತಪ್ಪಿಸಾಕ ಅಷ್ಟು ದೂರ ಬೇಕಾಗಿತ್ತು.

ಗಾಂಧಿಕ್ಲಾಸ್:
ಈ ಒಂದು ಪಾಠ ಎಲ್ಲಾ ಗಾಂಧಿನಗರದವರಿಗೂ ಗೊತ್ತು 😄

ಬಣ್ಣದಪೆಟ್ಟಿಗೆ:
ಕೆಲಸದ ಮಾತು ಕೇಳಿದ್ರಲ್ಲ, ರಕ್ತದಿಂದ ಶುರು ಮಾಡೋಣ.

ಮೊದಲ ಚಿತ್ರದ ರಕ್ತ ಅಂದ್ರೆ ಜೋಳದ ಸಿರಪ್, ಕೆಂಪು ಬಣ್ಣ, ಕಾಫಿಗೆ ಹಾಕುವ ಕ್ರೀಮರ್ ಪುಡಿ. ಆ ಪುಡಿ ಯಾಕೆ? ಬರೀ ಸಿರಪ್‌ಗೆ ಬಣ್ಣ ಹಾಕಿದ್ರೆ ಪಾರದರ್ಶಕವಾಗಿ ಶರಬತ್ತಿನ ಹಾಗೆ ಕಾಣತ್ತೆ. ಪುಡಿ ಬಿದ್ರೆ ಮಂದವಾಗತ್ತೆ, ಚರ್ಮ ಮುಚ್ಚತ್ತೆ.

ನಮ್ಮಲ್ಲಿ ಜೋಳದ ಸಿರಪ್ ಹುಡುಕ್ಕೊಂಡು ಅಲೆಯಬೇಡಿ. ಬೇಕರಿ ಸಾಮಾನಿನ ಅಂಗಡೀಲಿ ಲಿಕ್ವಿಡ್ ಗ್ಲೂಕೋಸ್ ಸಿಗತ್ತೆ. ಅರ್ಧ ಕೆಜಿಗೆ 100ರಿಂದ 150 ಎಂಎಲ್ ಬಿಸಿನೀರು, ಒಂದು ಟೀ ಚಮಚ ತಿನ್ನುವ ಕೆಂಪು ಬಣ್ಣ, ಒಂದು ಚಮಚ ಕೋಕೋ ಪುಡಿ. ಕೋಕೋವನ್ನ ಮೊದಲು ಸ್ವಲ್ಪ ಬಿಸಿನೀರಲ್ಲಿ ಕಲಸಿ ಹಾಕಿ, ಇಲ್ಲಾಂದ್ರೆ ಗಂಟು. ನೀಲಿ ಬಣ್ಣ ಒಂದೇ ಹನಿ. ಎರಡು ಹನಿಯಾದ್ರೆ ನೇರಳೆ ಹಣ್ಣಿನ ರಸ. ಕ್ಯಾಮೆರಾದಲ್ಲಿ ನೋಡಿಯೇ ಬಣ್ಣ ಹೊಂದಿಸಿ. ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡಿದ್ದು ಹಳದಿ ಬೆಳಕಲ್ಲಿ ಕಿತ್ತಳೆಯಾಗತ್ತೆ.

ಇದು ಬಾಯಿಗೆ, ಮುಖಕ್ಕೆ ಮಾತ್ರ. ಬಕೆಟ್‌ಗಟ್ಟಲೆ ಬೇಕಿದ್ರೆ ಗಂಜಿ ರಕ್ತ: ಲೀಟರ್ ನೀರಿಗೆ 30 ಗ್ರಾಂ ಕಾರ್ನ್‌ಫ್ಲೋರ್, ತಣ್ಣೀರಲ್ಲಿ ಕದಡಿ ಕುದಿಸಿ, ಆರಿಸಿ, ಬಣ್ಣ. ಗೋಡೆಗೆ ಪೋಸ್ಟರ್ ಅಂಟಿಸೋ ಮೈದಾ ಗಂಜಿಗಿಂತ ಬಹಳ ತೆಳ್ಳಗಿರಬೇಕು, ಇಲ್ಲಾಂದ್ರೆ ಪೈಪಿಂದ ಬರಲ್ಲ. ಅವತ್ತೇ ಖಾಲಿ ಮಾಡಿ, ಮರುದಿನಕ್ಕೆ ಹುಳಿ ವಾಸನೆ.

ಬೆಳದಿಂಗಳು:
ಕುಂಕುಮ ಕಲಸಿದ ನೀರು ಸಾಕಲ್ವಾ? ಅಗ್ಗ.

ಬಣ್ಣದಪೆಟ್ಟಿಗೆ:
@ಬೆಳದಿಂಗಳು ಬೇಡವೇ ಬೇಡ. ಅಂಗಡಿ ಕುಂಕುಮದಲ್ಲಿ ಯಾವ ಬಣ್ಣ ಇದೆ ಅಂತ ಪ್ಯಾಕೆಟ್ ಮೇಲೆ ಬರೆದಿರಲ್ಲ, ಕಣ್ಣಿಗೆ ಹೋದ್ರೆ ಶೂಟಿಂಗ್ ಅಲ್ಲಿಗೇ ಮುಗೀತು. ಜೊತೆಗೆ ಅದು ನೀರಲ್ಲಿ ತಳ ಹಿಡಿಯತ್ತೆ. ಮೊದಲ ಟೇಕ್ ಕೆಂಪು, ಮೂರನೇ ಟೇಕ್ ಗುಲಾಬಿ.

ಸಕ್ಕರೆ ರಕ್ತದ ತೊಂದರೆಗಳು ಬೇರೆ. ಒಣಗಿದ ಅಂಗಿ ಹಪ್ಪಳ ಆಗತ್ತೆ. ಮೊದಲ ಚಿತ್ರದಲ್ಲಿ ಕ್ಯಾಂಪ್‌ಬೆಲ್ ಅಂಗಿ ಹೀಗೇ ಸೆಟೆದು ಮುರಿದೇ ಹೋಗಿತ್ತು. ಆದ್ದರಿಂದ ಒಂದೇ ಥರದ ಅಂಗಿ ಕನಿಷ್ಠ ಮೂರು ಇರಲಿ: ಚೊಕ್ಕದ್ದು, ಅರ್ಧ ನೆನೆದದ್ದು, ಪೂರ್ತಿ ನೆನೆದದ್ದು. ಟೈಲ್ಸ್ ನೆಲಕ್ಕೆ ಚೆಲ್ಲಿದ್ರೆ ಎಣ್ಣೆಗಿಂತ ಜಾರತ್ತೆ. ನಿಜವಾಗ್ಲೂ ಜಾರಿ ಬಿದ್ದೋನನ್ನ ನೋಡಿ ಯಾರೂ ನಗಲ್ಲ, ಆಟೋ ಕರೀಬೇಕಾಗತ್ತೆ. ನಟ ನಿಲ್ಲೋ ಜಾಗದಲ್ಲಿ ಚೌಕಟ್ಟಿಗೆ ಕಾಣದ ಹಾಗೆ ಒರಟು ಚಾಪೆ ಹಾಕಿ.

ಕತ್ತರಿಪ್ರಯೋಗ:
ರಕ್ತದ ಬಣ್ಣದ ಬಗ್ಗೆ ಒಂದು ಸೇರ್ಪಡೆ. ಎರಡನೇ ಭಾಗದಲ್ಲಿ ಹಸಿರು, ಕಪ್ಪು ದ್ರವ ಬೇಕಾದಷ್ಟಿದೆ. ಕೆಂಪು ಕಮ್ಮಿಯಾದ್ರೆ ಅಮೆರಿಕದ ರೇಟಿಂಗ್ ಮಂಡಳಿ ʻಎಕ್ಸ್ʼ (ವಯಸ್ಕರಿಗೆ ಮಾತ್ರ) ಕೊಡದೆ ಬಿಟ್ಟೀತು ಅನ್ನೋ ಲೆಕ್ಕ. ಲೆಕ್ಕ ಫಲಿಸಲಿಲ್ಲ. ಡಿನೊನ ಕಂಪನಿ ಮಂಡಳಿಯ ಒಪ್ಪಂದಕ್ಕೆ ಸಹಿ ಹಾಕಿತ್ತು, ರೇಟಿಂಗ್ ಇಲ್ಲದೆ ಬಿಡುಗಡೆ ಮಾಡೋ ಹಾಗಿಲ್ಲ. ಆಗ ʻರೋಸ್‌ಬಡ್ ರಿಲೀಸಿಂಗ್ʼ ಅನ್ನೋ ಹೊಸ ಬೋರ್ಡು ಹುಟ್ಟಿಕೊಳ್ತು. 1987ರ ಮಾರ್ಚ್‌ನಲ್ಲಿ ಆ ಹೆಸರಲ್ಲಿ ರೇಟಿಂಗ್ ಇಲ್ಲದೇ ಬಂತು.

ನಗೆಗೆ ಅದರಿಂದ ಉಪಕಾರವೇ ಆಯ್ತು. ಹಸಿರು ರಕ್ತ ಸುರಿಸೋನಿಗೆ ನೋವಾಗತ್ತೆ ಅಂತ ಯಾರಿಗನ್ನಿಸತ್ತೆ?

ಟೂರಿಂಗ್‌ಟಾಕೀಸ್:
ಇದು ಸ್ಲಾಪ್‌ಸ್ಟಿಕ್ (ಬೀಳೋದು, ಏಟು ತಿನ್ನೋದರ ಹಾಸ್ಯ) ಅನ್ನೋದಾದ್ರೆ ʻಟೆಕ್ಸಾಸ್ ಚೈನ್ಸಾ ಮ್ಯಾಸಕರ್ 2ʼ ಮೊದಲು. ಅದು 1986. ಅದರ ನಿರ್ದೇಶಕ ಹೂಪರ್ ಕೂಡ ತನ್ನ 1974ರ ಭಯಾನಕ ಚಿತ್ರವನ್ನ ತಾನೇ ಗೇಲಿ ಮಾಡಿದ. ಆಮೇಲೆ 1989ರ ʻಟಾಕ್ಸಿಕ್ ಅವೆಂಜರ್ʼ ಎರಡನೇ ಭಾಗವೂ ಇದೆ.

ಕತ್ತರಿಪ್ರಯೋಗ:
ʻಟಾಕ್ಸಿಕ್ ಅವೆಂಜರ್ʼ ಮೊದಲ ಭಾಗವೇ ತಮಾಷೆ, ಅಲ್ಲಿ ತಿರುವು ಎಲ್ಲಿ ಬಂತು? ಹೂಪರ್‌ದು ತಿರುವು ಹೌದು, ಆದ್ರೆ ಅದು ವ್ಯಂಗ್ಯ. ನರಮಾಂಸದ ಖಾದ್ಯ ಮಾರಿ ಅಡುಗೆ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲೋ ಮನೆತನ, ವ್ಯಾಪಾರದ ಗೋಳು. ಅಲ್ಲಿ ನಗು ಮಾತಲ್ಲಿದೆ. ಟಾಮ್ ಸವಿನಿಯ ಮೇಕಪ್ ಮಾತ್ರ ಪೂರ್ತಿ ಗಂಭೀರ, ಚರ್ಮ ಸುಲಿದದ್ದು ಸುಲಿದ ಹಾಗೇ ಕಾಣತ್ತೆ. ಕಿವಿ ನಗತ್ತೆ, ಕಣ್ಣು ಹೇಸತ್ತೆ, ಎರಡೂ ಕೂಡಲ್ಲ. ರೈಮಿ ಚಿತ್ರದಲ್ಲಿ ಮೇಕಪ್ಪೇ ಜೋಕು.

ಟೂರಿಂಗ್‌ಟಾಕೀಸ್:
ಕೂಡಲ್ಲ ಅನ್ನೋದು ನಿಮ್ಮ ತೀರ್ಪು. ನನಗೆ ಆ ಹೇಸಿಗೆಯೊಳಗಿನ ನಗುವೇ ಹೆಚ್ಚು. ಮುಂದೆ ಹೋಗಿ.

ಯಕ್ಷಚೆಂಡೆ:
ಎಂತ ಮಾರಾಯ್ರೆ, ಹೆದರಿಕೆ-ನಗೆ ಒಟ್ಟಿಗೆ ಬರುದಕ್ಕೆ ಅಮೆರಿಕಕ್ಕೆ ಹೋಗ್ಬೇಕಾ? ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ ನೋಡಿ. ರಾಳದ ಪುಡಿ ಎರಚಿ ಬೆಂಕಿ, ಅಬ್ಬರ, ಮಕ್ಕಳು ಅಮ್ಮನ ಸೆರಗಿನೊಳಗೆ. ಅದೇ ರಾಕ್ಷಸ ತೆರೆ ಒಡ್ಡೋಲಗದಲ್ಲಿ (ತೆರೆ ಹಿಡಿದು ಪಾತ್ರ ಪ್ರವೇಶಿಸುವಾಗ) ಹಲ್ಲು ತಿಕ್ಕಿ, ಸ್ನಾನ ಮಾಡಿ, ಕನ್ನಡಿ ನೋಡ್ತಾನೆ. ಅದೇ ಮಕ್ಕಳು ನಗ್ತಾರೆ. ರಾಕ್ಷಸನಿಗೆ ಮನೆ ಕೆಲಸ ಕೊಟ್ರೆ ಸಾಕು.

ಕತ್ತರಿಪ್ರಯೋಗ:
@ಯಕ್ಷಚೆಂಡೆ ಇದು ಬಹಳ ಚೆನ್ನಾಗಿದೆ. ಎರಡನೇ ಭಾಗದ ಕ್ಯಾಮೆರಾ ಕೂಡ ಹೀಗೇ. ಮೊದಲ ಚಿತ್ರದಲ್ಲಿ ಕಾಡಿನಿಂದ ನುಗ್ಗಿ ಬರುವ ದೆವ್ವದ ದೃಷ್ಟಿ ಅಂದ್ರೆ ಸಾವು. ಎರಡನೆಯದರಲ್ಲಿ ಅದೇ ದೃಷ್ಟಿ ಬಾಗಿಲ ಮೇಲೆ ಬಾಗಿಲು ಒಡೆದು ಆ್ಯಶ್‌ನನ್ನ ಅಟ್ಟಿಸಿಕೊಂಡು ಬರತ್ತೆ, ಅವನು ಅಡಗಿಕೊಳ್ತಾನೆ, ದೆವ್ವಕ್ಕೆ ಸಿಗಲ್ಲ. ಆ ಕಡೆ ಈ ಕಡೆ ನೋಡಿ ಸುಮ್ಮನೆ ವಾಪಸ್ ಹೋಗತ್ತೆ! ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋ ಅಜ್ಜನ ಹಾಗೆ.

ರೀಲುಡಬ್ಬಿ:
ಆ ಓಡುವ ಕ್ಯಾಮೆರಾ ಹೇಗೆ? ಕುಲುಕು ತಡೆಯೋ ಗಿಂಬಲ್ ಬಾಡಿಗೆಗೆ ತಗೊಳ್ಳಲಾ?

ಹಲಗೆಬಡಗಿ:
ಗಿಂಬಲ್ ಬೇಡ, ತುಂಬಾ ನುಣುಪು. ದೆವ್ವ ಮದುವೆ ವಿಡಿಯೋ ತೆಗೆದ ಹಾಗಿರತ್ತೆ. ಮೊದಲ ಚಿತ್ರದಲ್ಲಿ ಸ್ಟೆಡಿಕ್ಯಾಮ್‌ಗೆ (ಕುಲುಕದ ಹಾಗೆ ಕ್ಯಾಮೆರಾವನ್ನ ಮೈಗೆ ಕಟ್ಟಿಕೊಳ್ಳೋ ಸಾಧನ) ದುಡ್ಡಿಲ್ಲದೆ ಎರಡಿಂಚು ದಪ್ಪ ನಾಲ್ಕಿಂಚು ಅಗಲದ ಮರದ ಪಟ್ಟಿಗೆ ಕ್ಯಾಮೆರಾ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡಿದ್ರು. ಒಬ್ಬನ ಕೈ ಎರಡಿಂಚು ಜಿಗಿದ್ರೆ ನಡುವಿನ ಕ್ಯಾಮೆರಾ ಜಿಗಿಯೋದು ಒಂದೇ ಇಂಚು. ಇಬ್ಬರ ಹೆಜ್ಜೆ ಬೇರೆ ಬೇರೆ ಹೊತ್ತಿಗೆ ಬೀಳೋದ್ರಿಂದ ಏರಿಳಿತ ಒಂದನ್ನೊಂದು ಸ್ವಲ್ಪ ನುಂಗತ್ತೆ. ಆದ್ದರಿಂದ ಲೆಫ್ಟ್-ರೈಟ್ ಕೂಡಿಸಿ ಹೆಜ್ಜೆ ಹಾಕಬೇಡಿ, ಕೆಡತ್ತೆ.

ಆರಡಿ ಪಟ್ಟಿ ಸಾಕು. ನಡುವೆ ತೂತು ಕೊರೆದು ಕಾಲಿಂಚು ಬೋಲ್ಟ್ ಹಾಕಿ. ಹಾರ್ಡ್‌ವೇರ್ ಅಂಗಡೀಲಿ ಇಂಚಿನ ಥ್ರೆಡ್ಡಿನದ್ದೇ ಕೇಳಿ, ಇಂಚಿಗೆ 20 ಸುತ್ತು. 6 ಎಂಎಂ ಬೋಲ್ಟ್ ಒಳಗೆ ಹೋದ ಹಾಗೆ ಮಾಡತ್ತೆ, ಥ್ರೆಡ್ ಹಾಳು. ಪಟ್ಟಿಯಿಂದ ಮೇಲೆ ಬರುವ ತುದಿ 5 ಎಂಎಂ ಮೀರಬಾರದು, ವಾಷರ್ ಹಾಕಿ ಕಡಿಮೆ ಮಾಡಿ. ಲೆನ್ಸ್ ಆದಷ್ಟು ವೈಡ್ ಇರಲಿ, ಕುಲುಕು ಕಮ್ಮಿ ಕಾಣತ್ತೆ, ವೇಗ ಹೆಚ್ಚು ಕಾಣತ್ತೆ. ಕ್ಯಾಮೆರಾ ನೆಲದಿಂದ ಒಂದಡಿ ಒಳಗೇ ಓಡಲಿ. ಎದೆಯೆತ್ತರಕ್ಕೆ ಹಿಡಿದ್ರೆ ದೆವ್ವ ಅಲ್ಲ, ಬಸ್ ತಪ್ಪಿಸಿಕೊಂಡೋನು.

ಬೆಳದಿಂಗಳು:
ಫಾಸ್ಟ್ ಫಾರ್ವರ್ಡ್ ಮಾಡಿದ ಹಾಗೆ ಕಾಣೋ ಶಾಟ್‌ಗಳಿವೆಯಲ್ಲ, ಎಡಿಟಿಂಗ್‌ನಲ್ಲಿ 150% ಮಾಡಿದ್ರೆ ಆಯ್ತಲ್ವಾ?

ಕತ್ತರಿಪ್ರಯೋಗ:
ಆಗಲ್ಲ. 24 ಫ್ರೇಮ್‌ನಲ್ಲಿ ತೆಗೆದದ್ದನ್ನ ಆಮೇಲೆ ಓಡಿಸಿದ್ರೆ ಸಾಫ್ಟ್‌ವೇರ್ ನಡುನಡುವೆ ಫ್ರೇಮ್ ಎಸೆಯತ್ತೆ, ಚಲನೆ ಮುಗ್ಗರಿಸತ್ತೆ. ಕ್ಯಾಮೆರಾದಲ್ಲೇ 20 ಫ್ರೇಮ್ ಇಟ್ಟು ತೆಗೆದು 24ರಲ್ಲಿ ಓಡಿಸಿ. ಹತ್ತು ಸೆಕೆಂಡಿನ ನಟನೆ 200 ಫ್ರೇಮ್, ಪರದೆ ಮೇಲೆ ಎಂಟು ಸೆಕೆಂಡ್ ಚಿಲ್ಲರೆ. ನಟನೆ ಚುರುಕು ಅನ್ನಿಸತ್ತೆ, ಕೈಚಳಕ ಗೊತ್ತಾಗಲ್ಲ. 16ಕ್ಕೆ ಇಳಿದ್ರೆ ಮೂಕಿ ಚಿತ್ರ. 20 ಆಯ್ಕೆ ಇಲ್ಲದ ಕ್ಯಾಮೆರಾ ಆದ್ರೆ 60ರಲ್ಲಿ ತೆಗೆದು ಮೂರಕ್ಕೊಂದು ಫ್ರೇಮ್ ಉಳಿಸಿಕೊಳ್ಳಿ. ಚಲನೆ ಸ್ವಲ್ಪ ಚೂಪಾಗಿ ಕಾಣತ್ತೆ, ಹೊಡೆದಾಟಕ್ಕೆ ನಡೆಯತ್ತೆ. ಮಾತಿರುವ ಶಾಟ್‌ಗೆ ಇದು ಬೇಡ.

ಉಲ್ಟಾ ತೆಗೆಯೋದೂ ಕಲಿಯಿರಿ. ಮುಖದ ಮುಂದೆ ಒಂದಿಂಚಿಗೆ ಬಂದು ನಿಲ್ಲೋ ಮಚ್ಚು ಬೇಕಾದ್ರೆ, ಒಂದಿಂಚಿನಲ್ಲಿ ಹಿಡಿದು ಶುರು ಮಾಡಿ ಹಿಂದಕ್ಕೆ ಎಳೆಯಿರಿ, ಎಡಿಟಿಂಗ್‌ನಲ್ಲಿ ತಿರುಗಿಸಿ. ಮಚ್ಚು ರಬ್ಬರಿನದ್ದೇ ಆಗಿರಲಿ. ಗುಟ್ಟು ಬಿಟ್ಟುಕೊಡೋದು ಹೊಗೆ ಮತ್ತು ಉದ್ದ ಕೂದಲು. ಅಗರಬತ್ತಿ ಹೊಗೆ ಕೆಳಗಿಳಿದ್ರೆ ಪ್ರೇಕ್ಷಕ ಹಿಡಿದ.

ಗಾಂಧಿಕ್ಲಾಸ್:
ಕಣ್ಣುಗುಡ್ಡೆ ಹಾರಿ ಬಾಯಿಗೆ ಬೀಳೋ ಶಾಟ್ ಬಗ್ಗೆ ಯಾರೂ ಹೇಳಲಿಲ್ಲ. ಛೇ.

ಬಣ್ಣದಪೆಟ್ಟಿಗೆ:
ನೆಲಮಾಳಿಗೆ ಮುಚ್ಚಳಕ್ಕೆ ಹೆನ್ರಿಯೆಟ್ಟಾ ಅನ್ನೋ ದೆವ್ವದ ತಲೆ ಸಿಕ್ಕಿ ಒಂದು ಕಣ್ಣು ಚಿಮ್ಮಿ ಇನ್ನೊಬ್ಬಳ ಬಾಯಿಗೆ. ಇದು ʻಥ್ರೀ ಸ್ಟೂಜಸ್ʼ (ಏಟು-ಗುದ್ದಿನ ಹಳೇ ಅಮೆರಿಕನ್ ಹಾಸ್ಯ ತಂಡ) ಬಾಬತ್ತು. ರೈಮಿಗೂ ಜೊತೆಗೆ ಬರೆದ ಸ್ಕಾಟ್ ಸ್ಪೀಗಲ್‌ಗೂ ಆ ಮೂವರ ಹುಚ್ಚು. ಆ ದೆವ್ವದ ರಬ್ಬರ್ ಮೈಯೊಳಗೆ ಇದ್ದದ್ದು ನಿರ್ದೇಶಕನ ತಮ್ಮ ಟೆಡ್ ರೈಮಿ. ಸೆಕೆ ಎಷ್ಟಿತ್ತು ಅಂದ್ರೆ, ಗಾಳಿಯಲ್ಲಿ ತಿರುಗೋ ಶಾಟ್‌ನಲ್ಲಿ ಕಿವಿಯಿಂದ ಬೆವರು ಸುರಿಯೋದು ಪರದೆ ಮೇಲೇ ಕಾಣತ್ತೆ. ಲೇಟೆಕ್ಸ್ ಉಸಿರಾಡಲ್ಲ. ಯಾರಿಗಾದ್ರೂ ಪೂರ್ತಿ ಮುಖವಾಡ ಹಾಕಿಸೋದಾದ್ರೆ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ, ಫ್ಯಾನ್, ನೀರು. ಹಚ್ಚೋ ಹಿಂದಿನ ದಿನ ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ನೋಡಿ, ಕೆಲವರಿಗೆ ಲೇಟೆಕ್ಸ್ ಆಗಿಬರಲ್ಲ.

ಧಾರವಾಡಪೇಡೆ:
ಸ್ಟೂಜಸ್ ಅಂದ್ಕೂಡ್ಲೆ ನೆನಪಾತು. ಅವರೊಳಗಿನ ಶೆಂಪ್ ಹೊವರ್ಡ್ 1955ರಾಗ ತೀರಿಕೊಂಡಾ. ಮುಗಿಸಬೇಕಾದ ಚಿತ್ರ ಇನ್ನೂ ನಾಕು ಇದ್ವು. ಜೋ ಪಾಮಾ ಅನ್ನಾಂವನ್ನ ಬೆನ್ನು ತಿರುವಿ ನಿಂದ್ರಿಸಿ ಮುಗಿಸಿದ್ರು. ಅದಕ್ಕ ರೈಮಿ ತಂಡದಾಗ ಡೂಪ್ ನಟರಿಗೆ ʻಫೇಕ್ ಶೆಂಪ್ʼ ಅಂತ ಹೆಸರು, ಮೊದಲನೇ ಚಿತ್ರದ ಟೈಟಲ್ ಕಾರ್ಡಿನಾಗೂ ಐತಿ. ನಟರು ಅರ್ಧಕ್ಕ ಕೈಕೊಟ್ಟ್ರ ನಿಮಗೂ ಇದ ಗತಿ: ಹಿಂದಿಂದ ಭುಜ, ಕೈ, ಕಾಲು. ಕಿವಿ ಮಾತ್ರ ತೋರಿಸಬ್ಯಾಡ್ರಿ, ಕಿವಿಯಾಗ ಸಿಕ್ಕಿ ಬೀಳ್ತೀರಿ.

ಯಕ್ಷಚೆಂಡೆ:
ಆ್ಯಶ್ ತಾನೇ ಕಡಿದುಕೊಂಡ ಕೈಯನ್ನು ಬಕೆಟ್ ಕೆಳಗೆ ಮುಚ್ಚಿ ಮೇಲೆ ಪುಸ್ತಕ ಹೇರುವ ತಮಾಷೆ ಕನ್ನಡದಲ್ಲಿ ಹೇಳುದು ಹೇಗೆ? ಮೇಲಿನ ಪುಸ್ತಕ ಹೆಮಿಂಗ್ವೇಯ ʻಎ ಫೇರ್‌ವೆಲ್ ಟು ಆರ್ಮ್ಸ್ʼ. ಆರ್ಮ್ಸ್ ಅಂದ್ರೆ ಶಸ್ತ್ರವೂ ಹೌದು, ತೋಳೂ ಹೌದು.

ಗಾಂಧಿಕ್ಲಾಸ್:
ʻಕೈ ಕೊಟ್ಟʼ ಅಂತ ಬರೆದ ಪುಸ್ತಕ ಇಡಿ.

ಟೂರಿಂಗ್‌ಟಾಕೀಸ್:
ಮೊದಲ ಸಲ ಈ ಗಾಂಧಿಕ್ಲಾಸ್ ಕೆಲಸಕ್ಕೆ ಬರೋ ಮಾತಾಡಿದಾನೆ.

ರೀಲುಡಬ್ಬಿ:
ಅದನ್ನೇ ಬಳಸ್ತೀನಿ, ಹೆಸರು ಟೈಟಲ್‌ನಲ್ಲಿ ಬರತ್ತೆ 🙏 ತಲೆ ಮೇಲೆ ಒಡೆಯೋ ತಟ್ಟೆ ಹೇಗೆ?

ಬಣ್ಣದಪೆಟ್ಟಿಗೆ:
ಪಿಂಗಾಣಿ ಮುಟ್ಟಲೇಬೇಡಿ. ಸಕ್ಕರೆ ಎರಡು ಪಾಲು, ನೀರು ಒಂದು, ಲಿಕ್ವಿಡ್ ಗ್ಲೂಕೋಸ್ ಅರ್ಧ ಪಾಲು. ಒಂದೆಳೆ, ಎರಡೆಳೆ, ಉಂಡೆ ಪಾಕ ಎಲ್ಲಾ ದಾಟಿ 150 ಡಿಗ್ರಿಗೆ ಬರಬೇಕು. ಥರ್ಮಾಮೀಟರ್ ಇಲ್ಲದಿದ್ರೆ ಒಂದು ಹನಿ ತಣ್ಣೀರಿಗೆ ಬಿಟ್ಟು ನೋಡಿ, ಟಕ್ಕಂತ ಮುರಿಯಬೇಕು, ಜಗ್ಗಿದ್ರೆ ಇನ್ನೂ ಆಗಿಲ್ಲ. ಕಂದು ಬಣ್ಣಕ್ಕೆ ತಿರುಗೋ ಮುಂಚೆ ಇಳಿಸಿ. ಎಣ್ಣೆ ಸವರಿದ ಸ್ಟೀಲ್ ತಟ್ಟೆಗೆ ಮೂರು ಎಂಎಂ ದಪ್ಪ ಸುರಿದು ಆರಲು ಬಿಡಿ. ಬಿಸಿ ಪಾಕ ಚರ್ಮಕ್ಕೆ ಅಂಟಿದ್ರೆ ಬಿಡಲ್ಲ, ಮಕ್ಕಳನ್ನ ದೂರ ಇಡಿ.

ಕರಾವಳಿ ಮಳೆಗಾಲದಲ್ಲಿ ಇದು ಗಾಳಿಯ ತೇವ ಹೀರಿ ಅಂಟಾಗತ್ತೆ, ಒಡೆಯೋ ಬದಲು ಬಾಗತ್ತೆ. ಡಬ್ಬಿಯಲ್ಲಿ ಗಾಳಿಯಾಡದ ಹಾಗೆ ಇಟ್ಟು ಟೇಕ್ ಹೊತ್ತಿಗೆ ಮಾತ್ರ ತೆಗೀರಿ. ಚೂರುಗಳ ಅಂಚು ಚೂಪೇ, ಕಣ್ಣು ಮುಚ್ಚಿಸಿ, ವಿಗ್ ಕೆಳಗೆ ದಪ್ಪ ಬಟ್ಟೆ. ಮೂರು ಟೇಕ್‌ಗೆ ಆರು ತಟ್ಟೆ ಮಾಡಿ.

ಕತ್ತರಿಪ್ರಯೋಗ:
ಶಬ್ದ ಮರೀಬೇಡಿ. ಸಕ್ಕರೆ ತಟ್ಟೆ ಒಡೆದ್ರೆ ಹಪ್ಪಳದ ಸದ್ದು, ಪಿಂಗಾಣಿ ಸದ್ದು ಬೇರೆ ರೆಕಾರ್ಡ್ ಮಾಡಿ ಎರಡು ಫ್ರೇಮ್ ಮುಂಚೆ ಕೂರಿಸಿ. ಹುಚ್ಚು ಕೈ ಇಲಿಯ ಹಾಗೆ ಕಿಚಿಕಿಚಿ ಅನ್ನೋದು ನೆನಪಿದೆಯಲ್ಲ? ಆ ಸದ್ದು ತೆಗೆದ್ರೆ ಅದು ಬರೀ ತೆವಳೋ ಕೈ, ಅಸಹ್ಯ. ಸದ್ದಿನಿಂದ ಅದಕ್ಕೆ ಪೋಕರಿ ಸ್ವಭಾವ ಬಂತು.

ರೀಲುಡಬ್ಬಿ:
ಕೊನೆಯದೊಂದು. ಶೂಟಿಂಗ್ ಹಳೇ ತೊಟ್ಟಿಮನೆಯಲ್ಲಿ, ಮಣ್ಣಿನ ಗೋಡೆ, ಸುಣ್ಣ. ರಕ್ತ ಹಾರಿದ್ರೆ ಕಲೆ ಹೋಗತ್ತಾ?

ಬಣ್ಣದಪೆಟ್ಟಿಗೆ:
ಹೋಗಲ್ಲ. ಸುಣ್ಣದ ಗೋಡೆ ಬಣ್ಣ ಕುಡಿಯತ್ತೆ. ಪ್ಲೈವುಡ್ ಹಲಗೆಗೆ ಅದೇ ಸುಣ್ಣ ಬಳಿದು ಗೋಡೆಯ ಮುಂದೆ ನಿಲ್ಲಿಸಿ, ಅದರ ಮೇಲೆ ಹಾರಿಸಿ. ಪೈಪಿಗೂ ಹಲಗೆಯಲ್ಲೇ ತೂತು ಕೊರೆಯಬಹುದು.

ಹಲಗೆಬಡಗಿ:
ಆರು ಎಂಎಂ ಸಾಲದು, ಒದ್ದೆಯಾಗಿ ಸೊಟ್ಟಗಾಗತ್ತೆ. ಹನ್ನೆರಡು ಎಂಎಂ ತಗೊಳ್ಳಿ, ಹಿಂದೆ ಪಟ್ಟಿ ಹೊಡೆದು ಆತು ಕೊಡಿ.

ಯಕ್ಷಚೆಂಡೆ:
ತೊಟ್ಟಿಮನೆ ಅಂದ್ರೆ ಇರುವೆ ಉಂಟು. ಗ್ಲೂಕೋಸ್ ರಕ್ತ ರಾತ್ರಿ ಅಲ್ಲೇ ಬಿಟ್ರೆ ಬೆಳಿಗ್ಗೆ ನಿಮ್ಮ ನಾಯಕನ ಅಂಗಿ ತಾನೇ ನಡ್ಕೊಂಡು ಹೋಗ್ತದೆ.

ಗಾಂಧಿಕ್ಲಾಸ್:
ಅದನ್ನೂ ಶೂಟ್ ಮಾಡಿ.